ಸಾರಿಗೆ ಬಿದ್ದ ಬೆಲ್ಲ

ಸೂರತ್
17 ಜನವರಿ 2023

ಚನ್ನಬಸಪ್ಪನಿಗೆ,

ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ ಎಂಬುದು ನನಗೆ ಮೂರನೆಯ ದಿನ ತಿಳಿಯಿತು. ಮೊದಲೆರಡು ದಿನ ನಿನ್ನ ಫೋನು ಕೆಟ್ಟಿದೆ ಅಂದುಕೊಂಡಿದ್ದೆ. ಅಂಚೆಯವನನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ಲಕೋಟೆ ಕೊಡುವಾಗ ಅಂಚೆ ಕಚೇರಿಯ ಹೆಂಗಸು ನನ್ನನ್ನು ಎರಡು ಸಲ ನೋಡಿದಳು.

ಆ ಭಾನುವಾರದ ವಿಷಯಕ್ಕೇ ಬರುತ್ತೇನೆ. ನಿನ್ನ ಖಾನಾವಳಿಗೆ ಇಪ್ಪತ್ತೈದು ತುಂಬಿದ ಊಟ. ಆರು ವರ್ಷದ ಮೇಲೆ ನರೋಡಾಕ್ಕೆ ಬಂದಿದ್ದೆ. ಕೈ ತೊಳೆಯುವ ಜಾಗದಲ್ಲಿ ದಾರ ಕಟ್ಟಿ ತೂಗುಹಾಕಿದ ಅಭಿಪ್ರಾಯದ ವಹಿ ಹಾಗೇ ಇತ್ತು. 1998ರಲ್ಲಿ ಅದರ ಮೊದಲ ಸಾಲು ಬರೆದವನು ನಾನೇ: ‘ರೊಟ್ಟಿ ದಪ್ಪ.’ ಆಗ ನಾನು ಅಹಮದಾಬಾದಿನಲ್ಲಿ ವಿಮಾ ಕಚೇರಿಯ ಒಂಟಿ ಗುಮಾಸ್ತ, ನೀನು ಗದಗಿನಿಂದ ಬಂದ ಹೊಸ ಅಡುಗೆಯವ. ನೀನು ಓದಿ ನಕ್ಕಿದ್ದೆ. ಮರುದಿನ ರೊಟ್ಟಿ ತೆಳ್ಳಗಾಗಿತ್ತು. ಅದೇ ಸಲಿಗೆಯಲ್ಲಿ ಈ ಸಲವೂ ಬರೆದೆ.

ನೀನು ಬಿಡುವಾದಾಗ ಒಬ್ಬನೇ ಓದುತ್ತೀಯ ಅಂದುಕೊಂಡಿದ್ದೆ. ನಿನ್ನ ಅಳಿಯನಾಗುವ ಗುರುಕಿರಣ ಆ ವಹಿಯನ್ನು ಮೈಕಿನ ಮುಂದೆ ತಂದು ಎಲ್ಲರ ಹೊಗಳಿಕೆಯನ್ನೂ ಓದುತ್ತಾನೆ ಎಂದು ನನಗೇನು ಕನಸು ಬಿದ್ದಿತ್ತೇ? ಪಾಪ, ವಡೋದರಾದಲ್ಲಿ ಬೆಳೆದ ಹುಡುಗ, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ. ಅರ್ಥ ತಿಳಿಯುವಷ್ಟರಲ್ಲಿ ಓದಿ ಮುಗಿಸಿದ್ದ: ‘ಸಾರು ಸಿಹಿ. ಎಣ್ಣೆಗಾಯಿ ಅದಕ್ಕಿಂತ ಸಿಹಿ. ಇಂದುಮತಿ ಇದ್ದಿದ್ದರೆ ಈ ಸಾರಿನ ಪಾತೇಲಿ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.’

ನಿನ್ನ ಬೀಗ ಸದಾಶಿವಪ್ಪನವರು ತಮ್ಮ ಸಾರಿನ ವಾಟಿಯೊಳಗೆ ಬಗ್ಗಿ ನೋಡಿದರು. ನೀನು ಸೌಟು ಹಿಡಿದು ನಿಂತಿದ್ದೆ. ನಾನು ಚಪ್ಪಲಿ ಹುಡುಕತೊಡಗಿದೆ.

ಮೈಕಿನ ಕಥೆಗೆ ಕ್ಷಮೆ ಕೇಳುತ್ತೇನೆ. ಬರೆದದ್ದಕ್ಕೆ ಮಾತ್ರ ಕೇಳಲಾರೆ, ಯಾಕೆಂದರೆ ಅದು ನಿಜ. ಮೇ ತಿಂಗಳಲ್ಲಿ ನಿನ್ನ ಮಗಳು ಪ್ರಾರ್ಥನಾಳ ಮದುವೆ ಇದೆ. ಅಡುಗೆ ನಿನ್ನ ಕೈಯದೇ ಎಂದು ಅವಳ ತಾಯಿ ಇಂದುಮತಿಗೆ ಮಾತು ಕೊಟ್ಟಿದ್ದೀಯ, ನನಗೂ ಗೊತ್ತು. ಗದಗಿನಿಂದ ಅರವತ್ತು ಜನ ಬೀಗರು ರೈಲು ಹತ್ತಿ ಬರುತ್ತಾರೆ. ಅವರು ಎಲೆಯ ಮುಂದೆ ಮುಖ ಹಿಂಡುವ ಮೊದಲು ಯಾರಾದರೂ ಹೇಳಲೇಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ, ಬೇಡ ಅನ್ನುವುದಿಲ್ಲ. ಆದರೆ ಸಾರನ್ನೊಮ್ಮೆ ನೋಡಿಕೋ.

ನಿನ್ನ,
ಶ್ರೀಪಾದ


ಸೂರತ್
6 ಫೆಬ್ರವರಿ 2023

ಚನ್ನಬಸಪ್ಪನಿಗೆ,

ಉತ್ತರ ಬರಲಿಲ್ಲ. ಹೊಸತೇನಲ್ಲ ಬಿಡು. ತಮ್ಮ ಅನಂತರಾಮನ ಗೃಹಪ್ರವೇಶದ ದಿನ ‘ಮೆಟ್ಟಿಲು ಕಡಿದಾಗಿವೆ’ ಅಂದೆ. ಒಂಬತ್ತು ವರ್ಷದಿಂದ ಮಾತಿಲ್ಲ. ಮೆಟ್ಟಿಲು ಈಗಲೂ ಕಡಿದಾಗಿಯೇ ಇವೆ. ನಿವೃತ್ತಿಯ ದಿನ ಕಚೇರಿಯಲ್ಲಿ ಹಾರ ಹಾಕಲು ಬಂದವರು ನಾಲ್ಕೇ ಜನ, ಅದರಲ್ಲೊಬ್ಬ ಹಾರ ತಂದವನು.

ನನಗೂ ಸಾಕಾಗಿದೆ, ಚನ್ನ್ಯಾ. ಸುಮ್ಮನಿರುವುದನ್ನು ಈ ವಯಸ್ಸಿನಲ್ಲಿ ಯಾರ ಹತ್ತಿರ ಕಲಿಯಲಿ?

ಶ್ರೀಪಾದ


ನರೋಡಾ, ಅಹಮದಾಬಾದ್
19 ಫೆಬ್ರವರಿ 2023

ಶ್ರೀಪಾದನಿಗೆ,

ನಿನ್ನ ಎರಡೂ ಕಾಗದ ಬಂದಿವೆ. ವಹಿಯಲ್ಲಿ ನೀನು ಬರೆದ ಪುಟವನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ನಿನ್ನದು ನಿನಗೇ ಇರಲಿ.

ನೀನು ಹೋದ ಮೇಲೆ ಏನಾಯಿತು ಗೊತ್ತೇ? ಬೀಗರು ಬಹಳ ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಮಾರನೆಯ ವಾರ ಅವರ ಮನೆಯಿಂದ ಫೋನು. ‘ನಿಮಗ್ಯಾಕ್ರಿ ಅಷ್ಟು ತ್ರಾಸು, ಮದುವೆ ಅಡಿಗಿ ಕ್ಯಾಟರಿಂಗ್‌ನವರಿಗೆ ಕೊಟ್ಟಬಿಡೋಣ’ ಅಂದರು. ಇಪ್ಪತ್ತೈದು ವರ್ಷ ಸಾವಿರಾರು ಜನರ ಹೊಟ್ಟೆ ತುಂಬಿಸಿದವನಿಗೆ ಮಗಳ ಮದುವೆಗೆ ಬೇರೆಯವರ ಅಡುಗೆ! ಯಾರಿಂದ ಈ ಮಾತು ಬಂತು, ಹೇಳು.

ಸಾರು ಸಿಹಿ ಅನ್ನುತ್ತೀಯ. ದಿನಕ್ಕೆ ನೂರಾ ಎಂಬತ್ತು ಜನ ಉಣ್ಣುತ್ತಾರೆ. ಕೆಮಿಕಲ್ ಕಾರ್ಖಾನೆಯವರು, ಪಂಪು ತಯಾರಿಸುವವರು, ಲಾರಿಯವರು. ಒಬ್ಬನೂ ಸಿಹಿ ಅಂದಿಲ್ಲ. ವಹಿಯಲ್ಲಿ ಮುನ್ನೂರು ಪುಟ ‘ಚಲೋ ಆಗಿದೆ’ ಅಂತಲೇ ಇದೆ. ಮುನ್ನೂರು ಪುಟ ಸುಳ್ಳು, ನಿನ್ನ ಒಂದು ಪುಟ ನಿಜವೇ?

ಇನ್ನೊಂದು ಮಾತು. ಇಂದುಮತಿಯ ಹೆಸರನ್ನು ಯಾಕೆ ಎಳೆದೆ? ಅವಳು ತೀರಿಕೊಂಡ ದಿನ ಬಂದೆ, ಸಂಜೆಯ ರೈಲಿಗೆ ಹೋದೆ. ಆಮೇಲೆ ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ಕೊರೋನಾ ಅಂತ ಬಿಡೋಣ. ಉಳಿದ ನಾಲ್ಕು? ಸೂರತ್ ಏನು ಏಳು ಸಮುದ್ರದಾಚೆ ಇದೆಯೇ? ಸಾರಿಗೆ ಬೆಲ್ಲ ಒಂದೇ ದಿನ ಬೀಳುವುದಿಲ್ಲ. ನೀನು ಹೇಳುವುದು ನಿಜವೇ ಆಗಿದ್ದರೆ, ಅದು ಬೀಳುತ್ತಿದ್ದಾಗ ನೀನು ಎಲ್ಲಿದ್ದೆ? ಆರು ವರ್ಷ ಉಣ್ಣಲು ಬರದವನು ಒಂದು ದಿನ ಬಂದು ಪೆನ್ನು ಹಿಡಿದರೆ ಅದಕ್ಕೆ ಗೆಳೆತನ ಅನ್ನುವುದಿಲ್ಲ, ಇನ್‌ಸ್ಪೆಕ್ಷನ್ ಅನ್ನುತ್ತಾರೆ.

ನನಗೆ ಅರವತ್ತೊಂದು. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುತ್ತೇನೆ. ಮೊಣಕಾಲು ಕೇಳುವುದಿಲ್ಲ. ಇನ್ನು ಕಾಗದ ಬರೆಯಬೇಡ.

ಚನ್ನಬಸಪ್ಪ


ವಡೋದರಾ
12 ಮಾರ್ಚ್ 2023

ಶ್ರೀಪಾದ ಕಾಕಾಗೆ ಪ್ರಾರ್ಥನಾಳ ನಮಸ್ಕಾರ.

ನನ್ನ ಕನ್ನಡ ಸುಮಾರು, ತಪ್ಪಿದ್ದರೆ ಸಹಿಸಿಕೊಳ್ಳಿ. ಬರೆಯುವುದನ್ನು ಅವ್ವ ಕಲಿಸಿದ್ದಳು. ಅವಳು ಹೋದ ಮೇಲೆ ಬರೆದದ್ದು ಕಡಿಮೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ಅತ್ತುಬಿಡುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು. ಗುರುಕಿರಣ್ ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾನೆ. ಆದರೆ ಹೋಳಿ ಹಬ್ಬಕ್ಕೆ ಇಲ್ಲಿಯ ಕೆಲಸಕ್ಕೆ ರಜೆ ಹಾಕಿ ಮನೆಗೆ ಹೋದಾಗ ಒಂದು ನೋಡಿದೆ. ಅಪ್ಪ ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ ಒಬ್ಬನೇ ಸಣ್ಣ ಪಾತ್ರೆಯಲ್ಲಿ ಮತ್ತೆ ಸಾರು ಮಾಡುತ್ತಾನೆ. ಕುಡಿದು ನೋಡುತ್ತಾನೆ. ಚೆಲ್ಲುತ್ತಾನೆ. ನಾನು ಕೇಳಿದರೆ ‘ಪಾತ್ರೆ ತೊಳೆಯಾಕತ್ತೀನಿ’ ಅಂತಾನೆ.

ನನಗೆ ಕೊಟ್ಟು ‘ಹೆಂಗೈತಿ ಹೇಳವಾ’ ಅಂದ. ಕಾಕಾ, ನನಗೆ ಗೊತ್ತಾಗಲಿಲ್ಲ. ನಾನು ಅಹಮದಾಬಾದಿನಲ್ಲೇ ಹುಟ್ಟಿದವಳು. ಗೆಳತಿಯರ ಮನೆಯ ದಾಳ್ ಕೂಡ ಸಿಹಿ, ನಮ್ಮ ಮನೆಯ ಸಾರೂ ಸಿಹಿ. ನನಗೆ ಅದೇ ಮನೆಯ ರುಚಿ. ‘ಮಸ್ತ್ ಆಗೇದ ಅಪ್ಪಾ’ ಅಂದೆ. ಅವನ ಮುಖ ಸಣ್ಣದಾಯಿತು. ಹೊಗಳಿದರೆ ಯಾರಾದರೂ ಹಾಗೆ ಮುಖ ಮಾಡುತ್ತಾರಾ?

ಅವ್ವ ಇದ್ದಾಗ ದೇವರಿಗೆ ಎಡೆ ಹಿಡಿದ ಕೂಡಲೇ ಮೊದಲು ಅವಳು ಉಣ್ಣುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದ. ‘ರೀ, ಸಾರಿಗೆ ಬೆಲ್ಲ ಹಾಕೀರೋ, ಬೆಲ್ಲಕ್ಕ ಸಾರು ಹಾಕೀರೋ?’ ಅಂತ ಅವಳು ಬೈಯುತ್ತಿದ್ದದ್ದು ನನಗೆ ನೆನಪಿದೆ. ಅಪ್ಪ ನೀರು, ಹುಣಸೆಹುಳಿ ಹಾಕಿ ಮತ್ತೆ ಕುದಿಸುತ್ತಿದ್ದ. ಈಗ ಅವನಿಗೆ ಹಾಗೆ ಹೇಳುವವರು ಯಾರೂ ಇಲ್ಲ. ಉಣ್ಣುವವರು ಅವನ ಸ್ವಭಾವಕ್ಕೆ ಚಲೋ ಅಂತಾರೆ, ನಾನು ಪ್ರೀತಿಗೆ ಚಲೋ ಅಂತೀನಿ.

ಕಾಗದ ಬರೆಯಬೇಡ ಅಂತ ಅವನು ನಿಮಗೆ ಬರೆದಿದ್ದಾನಂತೆ. ಆದರೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಹೊರಗೆ ನಿಲ್ಲುತ್ತಾನೆ.

ನಿಮ್ಮ,
ಪ್ರಾರ್ಥನಾ


ಸೂರತ್
20 ಮಾರ್ಚ್ 2023

ಚನ್ನಬಸಪ್ಪನಿಗೆ,

ಬರೆಯಬೇಡ ಅಂದಿದ್ದೆ. ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ತಿಂಗಳಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ಸಿಟಿ ಬಸ್ಸಿನಲ್ಲಿ ಓದಿದೆ, ನನ್ನ ಮೊಣಕಾಲಿಗೆಂದು ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತ ಓದಿದೆ. ಮೊದಲ ಹತ್ತು ದಿನ ನಿನಗೆ ಉತ್ತರ ಜೋಡಿಸುತ್ತಿದ್ದೆ. ಆಮೇಲೆ ಜೋಡಿಸಿದ್ದನ್ನೆಲ್ಲ ಹರಿದು ಹಾಕಿದೆ.

ನೀನು ಹೇಳಿದ್ದು ಸರಿ. ಇಂದುಮತಿ ಹೋದ ಮೇಲೆ ನಾನು ಬರಲಿಲ್ಲ. ಅವಳಿಲ್ಲದ ಆ ಬಾಗಿಲಿಗೆ ಬರಲು ನನಗೆ ಆಗಲಿಲ್ಲ. ಹದಿಮೂರು ವರ್ಷ, ಸೂರತ್ತಿಗೆ ವರ್ಗವಾಗುವ ತನಕ, ಆ ಹೆಣ್ಣುಮಗಳು ನನಗೆ ತಮ್ಮನಿಗೆ ಬಡಿಸಿದ ಹಾಗೆ ಬಡಿಸಿದಳು. ನನ್ನ ದುಃಖ ನೋಡಿಕೊಂಡೆ, ನಿನ್ನದನ್ನು ನೋಡಲಿಲ್ಲ. ಆರು ವರ್ಷದ ಮೇಲೆ ಬಂದು, ಆಡಬೇಕಾದ ಮಾತನ್ನು ಗೋಡೆಯ ಮೇಲಿನ ವಹಿಯಲ್ಲಿ ಬರೆದೆ. ನಾಲ್ಕು ಹೆಜ್ಜೆ ಆಚೆ ನೀನು ನಿಂತಿದ್ದೆ. ಕಿವಿಯಲ್ಲಿ ಹೇಳಬಹುದಿತ್ತು. ನಿಜ ಹೇಳಿದೆ ಎಂಬ ಬಿಗುಮಾನದಲ್ಲಿ ಎಲ್ಲಿ ಹೇಳಿದೆ ಎನ್ನುವುದನ್ನು ನೋಡಲಿಲ್ಲ. ಅನಂತರಾಮನ ಮೆಟ್ಟಿಲೂ ಅಷ್ಟೇ. ಗೃಹಪ್ರವೇಶದ ದಿನ, ಅಷ್ಟು ಜನರ ಎದುರು, ಅದನ್ನು ಯಾಕೆ ಹೇಳಬೇಕಿತ್ತು?

ನೀನು ಬೈದ ಹಾಗೆ ನನ್ನನ್ನು ಯಾರೂ ಬೈದಿಲ್ಲ. ಎಲ್ಲರೂ ಸುಮ್ಮನೆ ದೂರವಾದರು. ನೀನೊಬ್ಬ ಬರೆದೆ.

ಆದರೆ ಸಾರು ಸಿಹಿಯಾಗಿಯೇ ಇತ್ತು, ಚನ್ನ್ಯಾ. ಅದನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನಿನ್ನ,
ಶ್ರೀಪಾದ


ನರೋಡಾ, ಅಹಮದಾಬಾದ್
13 ಏಪ್ರಿಲ್ 2023

ಶ್ರೀಪಾದನಿಗೆ ಶರಣು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗಬೇಡ.

ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಯನ್ನು ನಾಲಿಗೆಗೆ ಮುಟ್ಟಿಸಬಾರದು ಎಂದು ನಮ್ಮವ್ವ ಹೇಳಿಕೊಟ್ಟಿದ್ದು ನಿನಗೆ ಗೊತ್ತು. ವಾಸನೆ, ಬಣ್ಣ, ಕುದಿಯ ಸದ್ದು, ಇಷ್ಟರ ಮೇಲೆಯೇ ನನ್ನ ಅಡುಗೆ. ಎಡೆಯಾದ ಮೇಲೆ ಇಂದುಮತಿ ಉಂಡು ಹೇಳುತ್ತಿದ್ದಳು. ಅವಳು ಹೋದ ಮೇಲೆ ಎಡೆಯಾದ ಕೂಡಲೇ ಬಡಿಸಲು ಓಡುತ್ತೇನೆ. ನನ್ನ ಊಟ ಸಂಜೆ ನಾಲ್ಕಕ್ಕೆ. ಹಸಿವು ರುಚಿ ಅರಿಯದು ಅಂತಾರಲ್ಲ, ಆ ಹೊತ್ತಿಗೆ ಯಾರಾದರೂ ಹುಲ್ಲು ಬೇಯಿಸಿ ಕೊಟ್ಟರೂ ಅಮೃತವೇ. ಆರು ವರ್ಷ ನನ್ನ ಸಾರನ್ನು ನಾನು ಹಸಿವಿನಲ್ಲೇ ಉಂಡೆ.

ಬೆಲ್ಲ ಹೇಗೆ ಬಿತ್ತು ಎಂದು ಯೋಚಿಸಿದೆ. ಇಲ್ಲಿಯ ಮಂದಿ ‘ಕಾಕಾ, ಥೋಡು ಗೋಳ್ ನಾಖೋ’ ಅಂತ ಕೇಳುತ್ತಿದ್ದರು. ಸ್ವಲ್ಪ ಬೆಲ್ಲ ತಾನೇ, ಪಾಪ, ಅವರೂ ಉಣ್ಣಲಿ ಅಂತ ಹಾಕಿದೆ. ಯುಗಾದಿಗೆ ಅಟ್ಟದ ಸಾಮಾನು ಇಳಿಸಿದಾಗ ಇಂದುವಿನ ಹಿತ್ತಾಳೆ ಚಮಚ ಸಿಕ್ಕಿತು. ಒಂದು ಪಾತೇಲಿಗೆ ಅವಳ ಲೆಕ್ಕ ಎರಡು ಚಮಚ ಬೆಲ್ಲ. ನಾನು ಕೈಯಿಂದ ಮುರಿದು ಹಾಕುವುದನ್ನು ಆ ಚಮಚದಿಂದ ಅಳೆದೆ. ಹದಿನೊಂದು. ಚಮಚ ಹಿಡಿದು ಹಾಗೇ ಕೂತೆ, ಶ್ರೀಪಾದ. ಅವಳೇ ಎದುರು ನಿಂತು ಎಣಿಸಿದ ಹಾಗಾಯಿತು.

ಸರಿ, ಎರಡೇ ಚಮಚ ಹಾಕಿ ಮಾಡಿದೆ. ಎಡೆ ಹಿಡಿದೆ, ಹೊಟ್ಟೆ ತುಂಬಿದ್ದಾಗ ಕುಡಿದೆ. ಕಷಾಯದ ಹಾಗಿತ್ತು. ಅದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ನಾಲಿಗೆ ಈ ಊರಿನದಾಗಿಬಿಟ್ಟಿದೆ.

ಇಲ್ಲೇ ಚಾಂದ್‌ಖೇಡಾದಲ್ಲಿ ಜಲಜಾ ಅಂತ ಒಬ್ಬರು ಇದ್ದಾರೆ. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಹಾವೇರಿಯಿಂದ ಬಂದು ಹತ್ತು ತಿಂಗಳು. ನಾಲಿಗೆ ಇನ್ನೂ ಊರಿನದು. ನನ್ನ ಹಳೆಯ ಸಾರು, ಎರಡು ಚಮಚದ ಸಾರು, ಎರಡನ್ನೂ ಡಬ್ಬಿಯಲ್ಲಿ ಒಯ್ದು ಕೊಟ್ಟೆ. ಹಳೆಯದನ್ನು ಒಂದು ಗುಟುಕು ಕುಡಿದು ‘ಚಲೋ ಆಗೈತ್ರಿ ಅಣ್ಣಾರ’ ಅಂದರು. ಅಂದವರೇ ಎದ್ದು ಹೋಗಿ ಉಪ್ಪಿನಕಾಯಿ ತಂದುಕೊಂಡರು. ಆರು ವರ್ಷದಿಂದ ನನ್ನ ಖಾನಾವಳಿಯಲ್ಲಿ ನಮ್ಮ ಕಡೆಯವರೆಲ್ಲ ಎರಡೆರಡು ಸಲ ಉಪ್ಪಿನಕಾಯಿ ಕೇಳುತ್ತಿದ್ದರು. ನನ್ನ ಉಪ್ಪಿನಕಾಯಿ ಬಹಳ ರುಚಿ ಅಂತ ನಾನು ಬೀಗುತ್ತಿದ್ದೆ.

‘ತಂಗೀ, ಖರೇ ಹೇಳವಾ, ಮಗಳ ಮದುವಿ ಅಡಿಗಿ ಐತಿ’ ಅಂದೆ. ಆಗ ಹೇಳಿದರು: ‘ಅಣ್ಣಾರ, ಮೊದಲಿಂದು ಉಣ್ಣಾಕ ಆಗೂದುಲ್ರಿ. ಎರಡನೇದು ನಮ್ಮವ್ವನ ಸಾರು ಇದ್ದಂಗ ಐತಿ.’

ಅಳತೆಯಿಂದ ಒಂದು ಪಾತೇಲಿ ಮಾಡಬಹುದು. ಮುನ್ನೂರು ಎಲೆಯ ಮದುವೆಯಲ್ಲಿ ಒಲೆಯ ಮುಂದೆ ನಿಂತವನಿಗೆ ನಾಲಿಗೆ ಬೇಕು. ಅದಕ್ಕೇ ತೀರ್ಮಾನ ಮಾಡಿದ್ದೇನೆ. ಸಾರು, ಪಲ್ಯ, ಎಣ್ಣೆಗಾಯಿ ಎಲ್ಲ ಜಲಜಾ ಅವರ ಉಸ್ತುವಾರಿ. ನಾನು ಗೋಧಿ ಹುಗ್ಗಿ ಒಂದನ್ನು ಮಾಡುತ್ತೇನೆ. ಅದಾದರೂ ಸಿಹಿಯೇ ಆಗಿರಬೇಕಾದದ್ದು. ಇಂದುವಿಗೆ ಕೊಟ್ಟ ಮಾತಿನಲ್ಲಿ ಮುಕ್ಕಾಲು ಪಾಲು ಮುರಿದೆ. ಬೀಗರಿಗೆ ಇದನ್ನು ಹೇಳಿ ಬಂದ ದಿನ ಎರಡು ಹೊತ್ತು ಉಣ್ಣಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಸುಸ್ತು, ಅಷ್ಟೇ.

ಒಂದು ಕೇಳುತ್ತೇನೆ. ಮದುವೆ ಮೇ ಏಳು, ಭಾನುವಾರ, ವಡೋದರಾ. ಎಡೆಯಾದ ಮೇಲೆ ಮೊದಲ ಎಲೆಗೆ ಇಂದುಮತಿ ಕೂರಬೇಕಿತ್ತು. ನೀನು ಕೂರುತ್ತೀಯಾ?

ಚನ್ನಬಸಪ್ಪ


ಸೂರತ್
19 ಏಪ್ರಿಲ್ 2023

ಚನ್ನ್ಯಾ,

ಕೂರುತ್ತೇನೆ. ಬೆಳಿಗ್ಗೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದೇ ಬರುತ್ತೇನೆ. ಪೆನ್ನು ತರುವುದಿಲ್ಲ.

ಶ್ರೀಪಾದ


ನರೋಡಾ, ಅಹಮದಾಬಾದ್
14 ಮೇ 2023

ಶ್ರೀಪಾದನಿಗೆ ಶರಣು.

ಮದುವೆಯ ಗದ್ದಲದಲ್ಲಿ ನಿನ್ನ ಹತ್ತಿರ ನಾಲ್ಕು ಮಾತಾಡಲಿಲ್ಲ. ನೀನೂ ನಾಲ್ಕರ ರೈಲಿಗೆ ಓಡಿದೆ. ನಿನ್ನ ಓಡುವ ಚಾಳಿ ಮಾತ್ರ ಹೋಗಲಿಲ್ಲ. ಫೋನಿನಲ್ಲಿ ನಿನ್ನ ನಂಬರು ತೆರೆದಿದ್ದೇನೆ, ಆದರೆ ಕಾಗದದ ರುಚಿ ಹತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರಾರ್ಥನಾ, ಗುರುಕಿರಣ ಚೆನ್ನಾಗಿದ್ದಾರೆ. ಜಲಜಾ ಅವರ ಸಾರನ್ನು ಗದಗಿನ ಮುದುಕಿಯೊಬ್ಬಳು ಮೂರು ಸಲ ಹಾಕಿಸಿಕೊಂಡಳು. ಸದಾಶಿವಪ್ಪನವರು ಬಂದು ‘ಸಾರು ಭಾರಿ ಆಗಿತ್ರಿ ಬೀಗ್ರ’ ಅಂದರು. ‘ಅದು ನನ್ನ ಕೈದಲ್ರಿ’ ಅಂದೆ. ಸುಮ್ಮನೆ ತಲೆ ಆಡಿಸಬಹುದಿತ್ತು. ಆದರೂ ಹೇಳಿದೆ.

ಈಗ ಹುಗ್ಗಿಯ ವಿಷಯ. ಮೊದಲ ಎಲೆಗೆ ನೀನು ಕೂತಾಗ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಸಾರು ಉಂಡೆ, ಮುಖ ಬದಲಾಗಲಿಲ್ಲ. ಪಲ್ಯ ಉಂಡೆ, ಬದಲಾಗಲಿಲ್ಲ. ಹುಗ್ಗಿ ಬಾಯಿಗಿಟ್ಟೆ, ಕೈ ನಿಂತಿತು. ಸುತ್ತ ಬೀಗರು, ಫೋಟೋದವನು, ಕನ್ನಡ ಸಂಘದವರು. ಇವನು ಈಗ ಕೂತಲ್ಲಿಂದಲೇ ಕೂಗಿ ಹೇಳುತ್ತಾನೆ ಅಂತ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ನೀನು ಎಲೆ ಬಿಟ್ಟು ಎದ್ದಿದ್ದೆ. ಎಂಜಲು ಕೈ ಎತ್ತಿ ಹಿಡಿದುಕೊಂಡು, ನಿನ್ನ ಆ ಕೆಟ್ಟ ಮೊಣಕಾಲಿನಲ್ಲಿ ಕುಂಟುತ್ತ ನನ್ನ ತನಕ ಬಂದೆ. ನನ್ನ ಕಿವಿಗೆ ಬಾಯಿಟ್ಟು ಹೇಳಿದೆ: ‘ಚನ್ನ್ಯಾ, ಹುಗ್ಗಿಗೆ ಬೆಲ್ಲ ಕಡಿಮಿ ಆಗ್ಯದ.’

ನಾಲ್ಕು ತಿಂಗಳು ಬೆಲ್ಲಕ್ಕೆ ಹೆದರಿ ಹೆದರಿ ನನ್ನ ಕೈ ಹಿಡಿತವಾಗಿತ್ತು ನೋಡು. ಎಂಟು ಕಿಲೋ ಬೆಲ್ಲ ಕರಗಿಸಿ ಸುರಿದೆ. ಪಂಕ್ತಿ ಕೂರುವುದು ಹದಿನೈದು ನಿಮಿಷ ತಡವಾಯಿತು. ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಬಾಣಲೆ ತಿರುವುತ್ತ ನಾನು ಅಳುತ್ತಿದ್ದೆ, ಜಲಜಾ ಅವರು ಹೊಗೆ ಅಂದುಕೊಂಡರು. ಆಮೇಲೆ ಮುನ್ನೂರು ಜನ ಹುಗ್ಗಿ ಹೊಗಳಿದರು. ನಾನು ನಂಬಿದ್ದು ನೀನು ಎರಡನೆಯ ಸಲ ಹಾಕಿಸಿಕೊಂಡಾಗ.

ಆ ಹರಿದ ಪುಟ ನಿನ್ನ ಹತ್ತಿರ ಇದ್ದರೆ ಕಳಿಸು. ಅನ್ನದ ಅಗುಳು ತಿಕ್ಕಿ ವಹಿಗೆ ಮತ್ತೆ ಅಂಟಿಸುತ್ತೇನೆ. ಇಂದುವಿನ ಚಮಚ ಬೆಲ್ಲದ ಡಬ್ಬಿಯಲ್ಲೇ ಇದೆ. ಹೊಸ ಸಾರಿಗೆ ಇಲ್ಲಿಯ ಮಂದಿ ಗೊಣಗುತ್ತಿದ್ದಾರೆ, ಅವರಿಗೆ ಬೆಲ್ಲವನ್ನು ಬೇರೆ ವಾಟಿಯಲ್ಲಿ ಇಡುತ್ತಿದ್ದೇನೆ. ನಮ್ಮ ಕಡೆಯವರು ಉಪ್ಪಿನಕಾಯಿ ಒಂದೇ ಸಲ ಕೇಳುತ್ತಿದ್ದಾರೆ.

ತಿಂಗಳಿಗೊಂದು ಭಾನುವಾರ ಬಾ. ಅನಂತರಾಮನ ಮನೆಗೂ ಒಮ್ಮೆ ಹೋಗು, ಮೆಟ್ಟಿಲ ಮಾತು ಎತ್ತಬೇಡ, ಮೆಲ್ಲಗೆ ಹತ್ತು.

ಇಲ್ಲಿಗೆ ಬರುವಾಗ ಮಾತ್ರ ಹಸಿದುಕೊಂಡು ಬರಬೇಡ.

ನಿನ್ನ,
ಚನ್ನ್ಯಾ